ಪ್ರನಾಳ ಶಿಶುಗಳ ಲೆಕ್ಕ

ಶೃಂಗೇರಿಯ ಮಠದ ಹಳೆಯ ಕಡತಗಳು ಪ್ರಸಿದ್ಧವಾದುವು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಬರೆದ ಆ ಲೆಕ್ಕಗಳಿಂದಲೇ ಅಂದಿನ ವ್ಯವಹಾರಗಳು ನಮಗಿಂದು ತಿಳಿದುಬರುತ್ತವೆ. ಬರೆದಿಡುವ ಈ ಪದ್ಧತಿ ವೈದ್ಯವಿಜ್ಞಾನಕ್ಕೂ ಅಗತ್ಯವಾದುದು.

ಸ್ತ್ರೀಯ ಅಂಡವನ್ನೂ ಪುರುಷನ ವೀರ್ಯಾಣುವನ್ನೂ ದೇಹದ ಹೊರಗೆ ಕೂಡಿಸಿ, ಹುಟ್ಟಿದ ಭ್ರೂಣವನ್ನು ಗರ್ಭಕೋಶದಲ್ಲಿರಿಸುವ ಚಿಕಿತ್ಸೆಯನ್ನು ವಾಚಕರು ಕೇಳಿರಬಹುದು. ಕೊಪ್ಪ, ಶೃಂಗೇರಿ ಇಲ್ಲವೆ ನರಸಿಂಹರಾಜಪುರದ ದಂಪತಿಗಳು ಇದಕ್ಕಾಗಿ ಮೊದಲು ಶಿವಮೊಗ್ಗಕ್ಕೆ, ಫಲಿಸದಿದ್ದರೆ ಮಂಗಳೂರಿಗೆ, ಅನಂತರ ಬೆಂಗಳೂರಿಗೆ ಹೋದರೆನ್ನೋಣ. ಒಂದೊಂದು ಚಿಕಿತ್ಸಾಲಯದಲ್ಲಿಯೂ ಅವರ ವೃತ್ತಾಂತದ ಒಂದೊಂದು ತುಣುಕು ಮಾತ್ರ ಉಳಿಯುವುದು. ಇಂಥ ತುಣುಕುಗಳನ್ನು ಒಂದೆಡೆ ಸೇರಿಸುವುದೇ ರಾಷ್ಟ್ರೀಯ ನೋಂದಣಿಯ ಉದ್ದೇಶ.

ಇದರ ಪ್ರಯೋಜನವನ್ನು ಕಲ್ಪಿತ ಉದಾಹರಣೆಯೊಂದರಿಂದ ತಿಳಿಯೋಣ. 100 ಸ್ತ್ರೀಯರಲ್ಲಿ ಚಿಕಿತ್ಸೆ ಆರಂಭವಾಯಿತು. 80 ಮಂದಿಗೆ ಭ್ರೂಣವನ್ನಿರಿಸಲಾಯಿತು. 32 ಮಂದಿ ಗರ್ಭಿಣಿಯರಾದರು. 24 ಮಂದಿ ಜೀವಂತ ಶಿಶುಗಳನ್ನು ಹೆತ್ತರು. 80ರಲ್ಲಿ 32 ಎಂದರೆ ನೂರಕ್ಕೆ 40. 100ರಲ್ಲಿ 24 ಎಂದರೆ ನೂರಕ್ಕೆ 24. ಎರಡೂ ಸುಳ್ಳಲ್ಲ. ಆದರೆ ಅಡಕೆ ತೋಟವನ್ನು ಅಡವಿಟ್ಟು ಬಂದವರ ಪ್ರಶ್ನೆಗೆ ಎರಡನೆಯದೇ ಉತ್ತರ. ಎಲ್ಲರೂ ಒಂದೇ ಅಳತೆಯಿಂದ, ಸ್ತ್ರೀಯರ ವಯಸ್ಸನ್ನೂ ನಮೂದಿಸಿ, ಸೋಲನ್ನು ಮುಚ್ಚದೆ ಬರೆದಾಗ ಮಾತ್ರ ಈ ಉತ್ತರ ದೊರೆಯುವುದು.

ದಾಖಲೆಯ ಬೆಲೆಯನ್ನು ನಮ್ಮ ದೇಶವು ಕಷ್ಟದಿಂದ ಕಲಿತಿದೆ. 1978ರ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಪ್ರನಾಳ ಶಿಶುವೊಂದು ಜನಿಸಿತು. ಸರ್ಕಾರವು ನೇಮಿಸಿದ ಸಮಿತಿ ಅದನ್ನು ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ನೀಗಿಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಇಂಥ ಶಿಶುವೊಂದರ ಜನನಕ್ಕೆ ಕಾರಣರಾದ ವಿಜ್ಞಾನಿಗಳಲ್ಲಿ ಒಬ್ಬರು ಡಾ. ಟಿ. ಸಿ. ಆನಂದ ಕುಮಾರ್. ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳನ್ನು ಪರಿಶೀಲಿಸಿದ ಅವರು, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಲೇಖನ ಬರೆದು, ಭಾರತದಲ್ಲಿ ಈ ಕಾರ್ಯವನ್ನು ಮೊದಲು ಸಾಧಿಸಿದವರು ಮುಖೋಪಾಧ್ಯಾಯರೇ ಎಂದು ಸಾರಿದರು. ಟಿಪ್ಪಣಿಗಳು ಉಳಿದಿದ್ದುದರಿಂದ ಸತ್ಯವೂ ಉಳಿಯಿತು.

ಬ್ರಿಟನ್ನಿನಲ್ಲಿ 1991ರಿಂದಲೂ ಇಂಥ ನೋಂದಣಿ ನಡೆದಿದೆ. ನಮ್ಮಲ್ಲಿ 2021ರ ಕಾನೂನು 2022ರ ಜನವರಿಯಲ್ಲಿ ಜಾರಿಗೆ ಬಂದು, ಚಿಕಿತ್ಸಾಲಯಗಳ ನೋಂದಣಿಯನ್ನು ಕಡ್ಡಾಯಗೊಳಿಸಿತು. ದಾಖಲೆಗಳನ್ನು ಕನಿಷ್ಠ 10 ವರ್ಷ ಕಾಪಾಡಿ, ಅನಂತರ ಕೇಂದ್ರದ ಭಂಡಾರಕ್ಕೆ ಒಪ್ಪಿಸಬೇಕು. ಅಂಡದಾನವನ್ನು ಸ್ತ್ರೀಯೊಬ್ಬಳು ಜೀವಮಾನದಲ್ಲಿ ಒಮ್ಮೆ ಮಾತ್ರ ಮಾಡಬಹುದು. ಊರೂರಿನ ದಾಖಲೆಗಳು ಒಂದೆಡೆ ಕೂಡದೆ ಈ ನಿಯಮವನ್ನು ಕಾಯುವ ಬಗೆಯಿಲ್ಲ. ದಂಪತಿಗಳ ವಿವರಗಳು ಗೋಪ್ಯವಾಗಿರಬೇಕು. ಚಿಕಿತ್ಸೆಯ ಫಲಾಫಲಗಳ ಲೆಕ್ಕವಾದರೋ ಎಲ್ಲರಿಗೂ ತಿಳಿದಿರಬೇಕು.