ಎಣಿಸಿ ಬರೆದರೆ ಚೌಕಳಿ ತಪ್ಪದು



ಚೌಕಳಿ ಟವೆಲ್ ನೋಡಿದ್ದೀರಿ. ಚೌಕಳಿ ಲುಂಗಿ, ಚೌಕಳಿ ಸೀರೆಯನ್ನೂ ನೋಡಿದ್ದೀರಿ. ಆ ಚೌಕ ಹೇಗೆ ಮೂಡುತ್ತದೆ?

ಮಗ್ಗದಲ್ಲಿ ಉದ್ದಕ್ಕೆ ಇರುವ ನೂಲು ಹಾಸು. ಲಾಳಿಯ ಜೊತೆ ಅಡ್ಡ ಓಡುವ ನೂಲು ಹೊಕ್ಕು. ಹಾಸಿನಲ್ಲಿ ಬಣ್ಣದ ಪಟ್ಟೆ ಇರಬೇಕು. ಹೊಕ್ಕಿನಲ್ಲಿಯೂ ಅದೇ ಪಟ್ಟೆ ಬರಬೇಕು. ಎರಡೂ ಕೂಡಿದರೆ ಚೌಕಳಿ.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ನೇಕಾರ ಅಕ್ಕ ಬರುತ್ತಿದ್ದರು. ಒಂದು ದಿನ ಅವರ ಮುಖ ಬಾಡಿತ್ತು. ಏನಾಯಿತು ಎಂದು ಕೇಳಿದೆವು.

"ಎಣಿಕಿ ಎಲ್ಲಾ ನೆನಪಿನ ಮ್ಯಾಲ ಇತ್ರೀ ಅಕ್ಕೋರ. ಜ್ವರ ಬಂದು ಮಲಗಿದೆ. ಎದ್ದು ನೇಯುವಾಗ ಹೊಕ್ಕಿನ್ಯಾಗ ನಾಕೆಳಿ ಬಿಳಿ ಹೋಗಿ ಆರೆಳಿ ಆತು. ಚೌಕ ಉದ್ದ ಆತು. ಸಾವುಕಾರ್ರು ಅರ್ಧ ಕೂಲಿ ಹಿಡಿದ್ರು."

ನಮಗೂ ಸಂಕಟವಾಯಿತು. ಅಂದು ಪುಸ್ತಕ ಮುಚ್ಚಿದೆವು. ಅವರ ಚೌಕಳಿಯನ್ನೇ ಪಾಠ ಮಾಡಿದೆವು. ಅಕ್ಕ ತಾವೇ ಬರೆದರು:

ಕೆಂಪು 8
ಬಿಳಿ 4
ಕಪ್ಪು 8
ಬಿಳಿ 4
ಒಟ್ಟು 24 ಎಳೆ

24 ಎಳೆ ಮುಗಿದರೆ ಒಂದು ಸುತ್ತು. ಮತ್ತೆ ಕೆಂಪಿನಿಂದ ಶುರು. ಹಾಸಿನಲ್ಲಿ 1,200 ಎಳೆ ಇದ್ದರೆ 50 ಸುತ್ತು. ಹೊಕ್ಕಿಗೂ ಇದೇ ಚೀಟಿ. ಅಕ್ಕ ಅದನ್ನು ಮಗ್ಗದ ಕಂಬಕ್ಕೆ ಅಂಟಿಸಿದರು.

ಇದೇ ಚೀಟಿ ಕಂಪ್ಯೂಟರಿಗೂ ಸಾಕು. ಜಿಂಪ್ ಎಂಬ ತಂತ್ರಾಂಶವಿದೆ. ಅದರಲ್ಲಿ ಚಿತ್ರ ಬರೆಯಬಹುದು, ತಿದ್ದಬಹುದು. ಅದಕ್ಕೆ ಹಣ ಕೊಡಬೇಕಿಲ್ಲ. ನೂಲು ಹಾಳು ಮಾಡದೆ ಬಣ್ಣ ಹೊಂದಿಸಿ ನೋಡಬಹುದು. ಹೀಗೆ ಮಾಡಿರಿ:

1. 24 ಚುಕ್ಕೆ ಅಗಲ, 24 ಚುಕ್ಕೆ ಎತ್ತರದ ಚಿತ್ರ ತೆರೆಯಿರಿ. ಒಂದು ಎಳೆಗೆ ಒಂದು ಚುಕ್ಕೆ. ಈ ಚುಕ್ಕೆಗೆ ಪಿಕ್ಸೆಲ್ ಎನ್ನುತ್ತಾರೆ.

2. ಚೀಟಿಯಂತೆ ಎಡದಿಂದ ಬಲಕ್ಕೆ ಎಣಿಸಿ, ಉದ್ದ ಪಟ್ಟೆ ಬಳಿಯಿರಿ. ಇದು ಹಾಸು.

3. ಈ ಪದರದ ಇನ್ನೊಂದು ಪ್ರತಿ ಮಾಡಿರಿ. ಪ್ರತಿಯನ್ನು 90 ಡಿಗ್ರಿ ತಿರುಗಿಸಿರಿ. ಪಟ್ಟೆ ಅಡ್ಡ ಬರುತ್ತದೆ. ಇದು ಹೊಕ್ಕು.

4. ಮೇಲಿನ ಪದರದ ಗಾಢತೆಯನ್ನು ನೂರಕ್ಕೆ 50 ಮಾಡಿರಿ. ಕೆಳಗಿನ ಹಾಸೂ ಕಾಣುತ್ತದೆ. ಕೆಂಪಿಗೆ ಕೆಂಪು ಕೂಡಿದಲ್ಲಿ ಪೂರ್ತಿ ಕೆಂಪು. ಕೆಂಪಿಗೆ ಬಿಳಿ ಕೂಡಿದಲ್ಲಿ ತಿಳಿಗೆಂಪು.

5. ಕಾಣುವುದನ್ನೆಲ್ಲ ಕಾಪಿ ಮಾಡಿರಿ. ಹೊಸದಾಗಿ ದೊಡ್ಡ ಚಿತ್ರ ತೆರೆಯಿರಿ. ಬಣ್ಣ ಸುರಿಯುವ ಬಕೆಟ್ ತೆಗೆದುಕೊಳ್ಳಿರಿ. ಬಣ್ಣದ ಬದಲು ಈ ನಮೂನೆಯನ್ನು ಆರಿಸಿ ಸುರಿಯಿರಿ. ಚಿತ್ರದ ತುಂಬ ಚೌಕಳಿ!

ಒಂದು ಎಚ್ಚರ. ಮೊದಲ ಚಿತ್ರ 25 ಚುಕ್ಕೆ ಆದರೆ ಏನಾಗುತ್ತದೆ? ಒಂದು ಚುಕ್ಕೆ ಖಾಲಿ ಉಳಿಯುತ್ತದೆ. ಸುತ್ತು ಸುತ್ತಿಗೂ ಬೇಡದ ಗೆರೆ ಬೀಳುತ್ತದೆ. ಮಗ್ಗವಿರಲಿ, ಕಂಪ್ಯೂಟರಿರಲಿ, ಎಣಿಕೆ ಸರಿ ಇರಬೇಕು.

ಅಕ್ಕನಿಗೆ ಹೋದ ಕೂಲಿ ಮರಳಿ ಬರಲಿಲ್ಲ. ಆದರೆ ಈಗ ಅವರು ಹೇಳುತ್ತಾರೆ: "ಇನ್ನ ಯಾರರ ಎಣಿಕಿ ತಪ್ಪೇತಿ ಅಂದ್ರ ಚೀಟಿ ಮುಂದ ಇಡ್ತೀನ್ರಿ."

ಅಭ್ಯಾಸ

1. ಹಾಸು ಎಂದರೇನು? ಹೊಕ್ಕು ಎಂದರೇನು?
2. ಹಾಸಿನಲ್ಲಿ 960 ಎಳೆ ಇವೆ. 24 ಎಳೆಗೆ ಒಂದು ಸುತ್ತು. ಒಟ್ಟು ಎಷ್ಟು ಸುತ್ತು?
3. ಮನೆಯಿಂದ ಒಂದು ಚೌಕಳಿ ಬಟ್ಟೆ ತನ್ನಿರಿ. ಎಳೆ ಎಣಿಸಿ ಚೀಟಿ ಬರೆಯಿರಿ.