ಎಫ್/1.4 ಲೆನ್ಸಿನ ಗೆರೆ ಕೆಳಗಿದ್ದರೆ ಅದು ಕೀಳೇ?

ಪ್ರಶ್ನೆ: ಯಕ್ಷಗಾನದ ಚೌಕಿಯಲ್ಲೂ ರಂಗದ ಮುಂದೆಯೂ ಫೋಟೋ ತೆಗೆಯಲು 85 ಮಿ.ಮೀ. ಲೆನ್ಸ್ ಕೊಳ್ಳಬೇಕೆಂದಿದ್ದೇನೆ. ಒಂದೇ ಕಂಪನಿಯ ಎಫ್/1.4 ಮತ್ತು ಎಫ್/1.8 ಲೆನ್ಸ್‌ಗಳ ಎಂಟಿಎಫ್ ಚಾರ್ಟ್ ನೋಡಿದರೆ ಅಗ್ಗದ 1.8ರ ಗೆರೆಗಳೇ ಮೇಲಿವೆ. ಹಾಗಾದರೆ ದುಬಾರಿ ಲೆನ್ಸ್ ಯಾಕೆ ಬೇಕು?

ಉತ್ತರ: ಲೆನ್ಸ್ ಕೊಳ್ಳುವ ಮೊದಲು ಚಾರ್ಟ್ ತೆರೆದು ನೋಡಿದ್ದೀರಲ್ಲ, ಅದು ತುಂಬಾ ಒಳ್ಳೆಯದು. ನಿಮಗೆ ಬಂದ ಸಂಶಯ ಚಾರ್ಟ್ ನೋಡುವ ಬಹುತೇಕ ಎಲ್ಲರಿಗೂ ಬರುತ್ತದೆ. ಆ ಎರಡು ಚಾರ್ಟ್‌ಗಳು ಒಂದೇ ಪರೀಕ್ಷೆಯ ಫಲಿತಾಂಶ ಅಲ್ಲ. ಕಂಪನಿಗಳು ಸಾಮಾನ್ಯವಾಗಿ ಪ್ರತಿ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದಿರುವಾಗಿನ ಗೆರೆಗಳನ್ನು ಕೊಡುತ್ತವೆ. ಒಂದು ಚಾರ್ಟ್ 1.4ರದು, ಇನ್ನೊಂದು 1.8ರದು. ದುಬಾರಿ ಲೆನ್ಸನ್ನೂ 1.8ಕ್ಕೆ ಇಳಿಸಿದರೆ ಅದರ ಗೆರೆಗಳು ಮೇಲೇರುತ್ತವೆ, ಆದರೆ ಆ ಗೆರೆಗಳನ್ನು ನಿಮಗೆ ಯಾರೂ ತೋರಿಸಿಲ್ಲ.

ಇನ್ನು ಚಾರ್ಟ್ ಓದುವ ಬಗೆ. ಕೆಳಗಿನ ಅಡ್ಡಗೆರೆಯ ಮೇಲಿರುವ ಅಂಕಿಗಳು ಚಿತ್ರದ ನಡುವಿನಿಂದ ಎಷ್ಟು ಮಿಲಿಮೀಟರ್ ದೂರ ಎಂಬುದನ್ನು ಹೇಳುತ್ತವೆ. ಫುಲ್ ಫ್ರೇಮ್ ಸೆನ್ಸರ್ 36 × 24 ಮಿ.ಮೀ. ಇರುವುದರಿಂದ ಮೂಲೆ ಸುಮಾರು 21.6 ಮಿ.ಮೀ. ದೂರದಲ್ಲಿರುತ್ತದೆ. ಎಡಗಡೆಯ ಲಂಬ ಗೆರೆ ಸೊನ್ನೆಯಿಂದ 1ರವರೆಗೆ. ಕಪ್ಪು ಬಿಳಿ ಪಟ್ಟೆಗಳ ಚಿತ್ರವನ್ನು ಲೆನ್ಸ್ ಮೂಡಿಸುವಾಗ ಕಪ್ಪು ಕಪ್ಪಾಗಿಯೇ, ಬಿಳಿ ಬಿಳಿಯಾಗಿಯೇ ಎಷ್ಟರ ಮಟ್ಟಿಗೆ ಉಳಿಯಿತು ಎಂಬ ಲೆಕ್ಕ ಅದು. ಎರಡೂ ಬೆರೆತು ಬರೀ ಬೂದು ಆಗಿಬಿಟ್ಟರೆ ಸೊನ್ನೆ.

ಇಲ್ಲೊಂದು ತಪ್ಪು ತಿಳಿವಳಿಕೆ ಸಹಜ. ಬಲಗಡೆಗೆ ಗೆರೆ ಇಳಿದಿದ್ದನ್ನು ಕಂಡು ಮೂಲೆಗಳು ಕತ್ತಲಾಗುತ್ತವೆ ಎಂದುಕೊಳ್ಳುವವರಿದ್ದಾರೆ. ಈ ಚಾರ್ಟಿನಲ್ಲಿ ಬೆಳಕಿನ ಪ್ರಮಾಣದ ಮಾತೇ ಇಲ್ಲ. ಮೂಲೆ ಮಸುಕಾಗುವುದು ಬೇರೆ, ಕಪ್ಪಾಗುವುದು ಬೇರೆ. ಎರಡನೆಯದಕ್ಕೆ ವಿನೆಟಿಂಗ್ ಎನ್ನುತ್ತಾರೆ, ಅದನ್ನು ಬೇರೆಯಾಗಿಯೇ ಅಳೆಯಬೇಕು.

ಮಿಲಿಮೀಟರಿಗೆ 10 ಪಟ್ಟೆ, 30 ಪಟ್ಟೆ ಎಂದು ಎರಡು ಗುಂಪುಗಳನ್ನು ನೀವು ನೋಡಿರುತ್ತೀರಿ. ಒಂದು ಕಪ್ಪು, ಒಂದು ಬಿಳಿ ಸೇರಿ ಒಂದು ಎಂದು ಎಣಿಕೆ. ಹತ್ತರ ಗೆರೆ ಎತ್ತರದಲ್ಲಿದ್ದರೆ ಚಿತ್ರ ಒಟ್ಟಾರೆ ಗಟ್ಟಿಯಾಗಿ, ತೊಳೆದಂತೆ ಕಾಣುತ್ತದೆ. ಬಣ್ಣದ ವೇಷದ ಚುಟ್ಟಿ, ಕಣ್ಣಿನ ರೆಪ್ಪೆಗಳಂಥ ಸೂಕ್ಷ್ಮಗಳಿಗೆ 30ರ ಗೆರೆ ನೋಡಬೇಕು. ಅದೂ ಸೂಕ್ಷ್ಮತೆಯ ಕೊನೆಯಲ್ಲ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರ್ ಮಿಲಿಮೀಟರಿಗೆ ಸುಮಾರು 80ರವರೆಗೆ ಹಿಡಿಯಬಲ್ಲದು. ಪ್ರತಿ ಗುಂಪಿನಲ್ಲಿ ಒಂದು ಇಡೀ ಗೆರೆ, ಒಂದು ತುಂಡು ಗೆರೆ ಇರುವುದು ಪಟ್ಟೆಗಳ ದಿಕ್ಕನ್ನು ಅನುಸರಿಸಿ. ಅವೆರಡೂ ಅಂಟಿಕೊಂಡಂತೆ ಸಾಗಿದರೆ ಒಳ್ಳೆಯ ಲಕ್ಷಣ. ದೂರವಾದಷ್ಟೂ ಅಂಚಿನ ವಿವರಗಳು ಒಂದು ದಿಕ್ಕಿಗೆ ಎಳೆದಂತೆ ಕಾಣುತ್ತವೆ.

ಯಾವ ಬಿಂದುವಿನಲ್ಲಿ ಓದಬೇಕು ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ, ಆದರೆ ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಗೆರೆಗಳು ಕೂಡುವಲ್ಲಿ ಮುಖವನ್ನು ಇಡುವುದು ರೂಢಿ. ಆ ಬಿಂದು ನಡುವಿನಿಂದ ಕೇವಲ 7 ಮಿ.ಮೀ. ಆಚೆಗಿದೆ. ಆದ್ದರಿಂದ ನೀವು ಸೊನ್ನೆಯಿಂದ 12ರವರೆಗಿನ ಭಾಗವನ್ನು ಗಮನವಿಟ್ಟು ನೋಡಿ. 20ರಲ್ಲಿ ಗೆರೆ ಕುಸಿದಿದ್ದರೂ ನಿಮಗೆ ನಷ್ಟವಿಲ್ಲ, ಏಕೆಂದರೆ 1.4ರಲ್ಲಿ ತೆಗೆದ ಭಾವಚಿತ್ರದ ಮೂಲೆಗಳು ಹೇಗೂ ಫೋಕಸ್ ಆಚೆ ಇರುತ್ತವೆ. ನಕ್ಷತ್ರಗಳ ಚಿತ್ರ ತೆಗೆಯುವವರಿಗಾದರೆ ನಾನು ಇದಕ್ಕೆ ತದ್ವಿರುದ್ಧ ಹೇಳುತ್ತಿದ್ದೆ.

ಒಂದು ಕಂಪನಿಯ ಚಾರ್ಟನ್ನು ಇನ್ನೊಂದರ ಪಕ್ಕ ಇಡಬೇಡಿ. ಕ್ಯಾನನ್, ನಿಕಾನ್ ಕೊಡುವುದು ವಿನ್ಯಾಸದಿಂದ ಲೆಕ್ಕ ಹಾಕಿದ ಗೆರೆಗಳನ್ನು. ಝೈಸ್ ತಯಾರಾದ ಲೆನ್ಸನ್ನೇ ಅಳೆದು, 10, 20, 40ರ ಗೆರೆಗಳನ್ನು ಪ್ರಕಟಿಸುತ್ತಾ ಬಂದಿದೆ. ಸಿಗ್ಮಾ ಬೆಳಕಿನ ವಿವರ್ತನೆಯನ್ನು, ಅಂದರೆ ಅಪರ್ಚರಿನ ಅಂಚಿನಲ್ಲಿ ಬೆಳಕು ಬಾಗಿ ಹರಡುವುದನ್ನು, ಸೇರಿಸಿದ ಚಾರ್ಟನ್ನೂ ಸೇರಿಸದ ಚಾರ್ಟನ್ನೂ ಕೊಡುತ್ತದೆ. ವಿವರ್ತನೆ ಸೇರಿಸಿದರೆ, ಒಂದು ದೋಷವೂ ಇಲ್ಲದ ಲೆನ್ಸಿಗೂ ಎಫ್/8ರಲ್ಲಿ 30ರ ಗೆರೆ ಸುಮಾರು 0.83ನ್ನು ದಾಟುವುದಿಲ್ಲ. ಎಫ್/1.4ರಲ್ಲಿ ಆ ಮಿತಿ ಸುಮಾರು 0.97. ಎಫ್/8ರ ಗೆರೆ 1ಕ್ಕೆ ತಾಗಿದಂತೆ ಕಂಡರೆ ಅಲ್ಲಿ ವಿವರ್ತನೆಯನ್ನು ಬಿಟ್ಟಿದ್ದಾರೆ ಎಂದೇ ಅರ್ಥ.

ಚಾರ್ಟ್ ಹೇಳದೆ ಬಿಡುವುದೂ ಬೇಕಾದಷ್ಟಿದೆ. ಎದುರಿನ ದೀಪ ನೇರವಾಗಿ ಲೆನ್ಸಿಗೆ ಬಿದ್ದಾಗ ಏನಾಗುತ್ತದೆ, ಕಿರೀಟದ ಹೊಳಪಿನ ಸುತ್ತ ನೇರಳೆ, ಹಸಿರು ಅಂಚು ಎಷ್ಟು ಮೂಡುತ್ತದೆ, ಫೋಕಸ್ ಎಷ್ಟು ಬೇಗ ಹಿಡಿಯುತ್ತದೆ, ಇದಾವುದೂ ಅದರಲ್ಲಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಕಲಾವಿದರನ್ನು 2 ಮೀಟರ್ ದೂರದಿಂದ, 85 ಮಿ.ಮೀ., 1.4ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 4.5 ಸೆಂ.ಮೀ. ಮಾತ್ರ. ಫೋಕಸ್ ಕಣ್ಣು ಬಿಟ್ಟು ಕಿವಿಗೆ ಹೋದರೆ ಚಾರ್ಟಿನಲ್ಲಿ ಎಷ್ಟೇ ಎತ್ತರದ ಗೆರೆ ಇದ್ದರೂ ಆ ಚಿತ್ರ ಉಳಿಯುವುದಿಲ್ಲ.

ನಿಮ್ಮ ಆಯ್ಕೆಗೆ ಬರೋಣ. 1.8ಕ್ಕಿಂತ 1.4ರಲ್ಲಿ ಸುಮಾರು 1.65 ಪಟ್ಟು ಬೆಳಕು ಒಳಬರುತ್ತದೆ. ಐಎಸ್‌ಒ 6400 ಬೇಕಿದ್ದಲ್ಲಿ ಸುಮಾರು 4000 ಸಾಕು. ಈಗಿನ ರಂಗಕ್ಕೆ ದೀಪಗಳು ಧಾರಾಳವಾಗಿವೆ, ಅಲ್ಲಿ ಇಷ್ಟು ವ್ಯತ್ಯಾಸಕ್ಕೆ ದೊಡ್ಡ ಹಣ ಕೊಡಬೇಕೆಂದು ನನಗನ್ನಿಸುವುದಿಲ್ಲ. ಚೌಕಿಯ ಮಂದ ಬೆಳಕೇ ನಿಮ್ಮ ಮುಖ್ಯ ಆಸೆಯಾಗಿದ್ದರೆ 1.4 ಯೋಗ್ಯ. ಆದರೆ ಮೊದಲು 1.8ಕ್ಕೆ ಇಳಿಸಿದಾಗಿನ ಅದರ ಅಳತೆಗಳನ್ನು ಯಾವುದಾದರೂ ಸ್ವತಂತ್ರ ವಿಮರ್ಶೆಯಲ್ಲಿ ಹುಡುಕಿ, ಎರಡನ್ನೂ ಹೋಲಿಸಿ ನೋಡಿ.

ಕೊಂಡ ಮೇಲೂ ಒಂದು ಕೆಲಸವಿದೆ. ಅಪರ್ಚರ್ ದೊಡ್ಡದಾದಷ್ಟೂ ಒಳಗಿನ ಗಾಜು ಕೂದಲೆಳೆಯಷ್ಟು ವಾಲಿದ್ದರೂ ಚಿತ್ರದಲ್ಲಿ ಎದ್ದು ಕಾಣುತ್ತದೆ, ಅದಕ್ಕೇ ಒಂದೇ ಮಾದರಿಯ ಎರಡು ಲೆನ್ಸ್‌ಗಳು ಒಂದೇ ಥರ ಇರುವುದಿಲ್ಲ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ದೂರದ ಕಟ್ಟಡದ ಚಪ್ಪಟೆ ಗೋಡೆಗೆ ನೇರವಾಗಿ ಹಿಡಿದು ಪೂರ್ತಿ ತೆರೆದ ಅಪರ್ಚರಿನಲ್ಲಿ ಒಂದೆರಡು ಚಿತ್ರ ತೆಗೆಯಿರಿ. ನಾಲ್ಕೂ ಮೂಲೆ ಒಂದೇ ಹದದಲ್ಲಿ ಮಸುಕಾಗಿದ್ದರೆ ಅದು ಲೆನ್ಸಿನ ಸ್ವಭಾವ, ಚಿಂತೆ ಬೇಡ. ಪ್ರತಿ ಚಿತ್ರದಲ್ಲೂ ಅದೇ ಒಂದು ಬದಿ ಮಾತ್ರ ತೀರ ಮಸುಕಾಗಿದ್ದರೆ ಅಂಗಡಿಯವರು ಬದಲಿಸಿಕೊಡುವ ಅವಧಿ ಮುಗಿಯುವ ಮೊದಲೇ ಹಿಂದಿರುಗಿಸಿ.