ಗುರುಗ್ರಾಮದ ನರಿಗಳು: ಗುರುತಿಸುವ ಬಗೆ ಮತ್ತು ಆರೋಗ್ಯದ ಎಚ್ಚರಿಕೆ

ಬೆಳಗ್ಗೆ ನರಿಯ ಮುಖವನ್ನು ನೋಡಿದರೆ ಅದೃಷ್ಟವೆಂಬುದು ನಮ್ಮ ನಾಡಿನ ಹಳೆಯ ನಂಬಿಕೆ. ಯಾರಿಗಾದರೂ ಅನಿರೀಕ್ಷಿತವಾಗಿ ಲಾಭವಾದರೆ, ಇವನು ನರಿಯ ಮುಖ ನೋಡಿ ಎದ್ದಿರಬೇಕು ಎಂದು ಇಂದಿಗೂ ಹೇಳುವುದುಂಟು. ಉದ್ಯೋಗನಿಮಿತ್ತ ಕರ್ನಾಟಕವನ್ನು ಬಿಟ್ಟು ಬಂದು ಗುರುಗ್ರಾಮದ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವ ನಮಗೆ ಈ ಅದೃಷ್ಟವು ಇಲ್ಲಿಯೂ ಒದಗಬಹುದೆಂದರೆ ಅನೇಕರು ನಂಬಲಾರರು. ಆದರೆ ಅದು ನಿಜ. ನಾವು ಕಂಡದ್ದು ನರಿಯೋ ನಾಯಿಯೋ ಎಂಬ ಪ್ರಶ್ನೆಯು ಕೆಲವೊಮ್ಮೆ ಪ್ರಾಣಕ್ಕೆ ಸಂಬಂಧಿಸಿದ್ದೆಂಬುದೂ ಅಷ್ಟೇ ನಿಜ.

ನರಿಯ ನೆಲೆ

ಗುರುಗ್ರಾಮದ ಪೂರ್ವ ಮತ್ತು ದಕ್ಷಿಣಕ್ಕೆ ಹಬ್ಬಿರುವ ಅರಾವಳಿ ಬೆಟ್ಟಗಳು ಜಗತ್ತಿನ ಅತಿ ಪ್ರಾಚೀನ ಪರ್ವತಶ್ರೇಣಿಗಳಲ್ಲಿ ಒಂದು. ಇಲ್ಲಿನ ಜನರು ವಿಲಾಯತಿ ಕೀಕರ್ ಎಂದು ಕರೆಯುವ, ನಮ್ಮವರು ಬಳ್ಳಾರಿ ಜಾಲಿಯೆಂದು ಬಲ್ಲ ಮುಳ್ಳುಗಿಡಗಳ ಪೊದೆಗಳಲ್ಲಿ ನರಿಗಳು ವಾಸವಾಗಿವೆ. ಹಿಂದೆ ಗಣಿಗಾರಿಕೆಯಿಂದ ಬರಡಾಗಿದ್ದ ನೆಲದಲ್ಲಿ 2010ರಿಂದ ಸ್ಥಳೀಯ ಸಸ್ಯಗಳನ್ನು ಬೆಳೆಸಿ ರೂಪಿಸಿದ ಅರಾವಳಿ ಜೀವವೈವಿಧ್ಯ ಉದ್ಯಾನ, ಗ್ವಾಲ್ ಪಹಾಡಿಯ ಸುತ್ತಲಿನ ಪ್ರದೇಶ, ಫರೀದಾಬಾದಿಗೆ ಹೋಗುವ ರಸ್ತೆಯ ಇಕ್ಕೆಲಗಳು ಮತ್ತು ಸುಲ್ತಾನಪುರ ರಾಷ್ಟ್ರೀಯ ಉದ್ಯಾನ ಇವುಗಳ ನೆಲೆಗಳು. ಇಲಿ, ಹೆಗ್ಗಣ, ಕೀಟ, ಬೋರೆಹಣ್ಣು, ಸತ್ತ ಪ್ರಾಣಿಗಳ ಮಾಂಸ ಇವುಗಳ ಆಹಾರ. ಮನುಷ್ಯನು ಎಸೆದ ಕಸದ ರಾಶಿಯೂ ಇವನ್ನು ಬಡಾವಣೆಯ ಅಂಚಿಗೆ ಸೆಳೆಯುತ್ತದೆ.

ಅಮೆರಿಕದಲ್ಲಿ ಮಕ್ಕಳಿರುವ ಹಿರಿಯರು ಅಲ್ಲಿನ ಕಯೋಟಿಯೆಂಬ ಪ್ರಾಣಿಯ ವಿಷಯವನ್ನು ಕೇಳಿರಬಹುದು. ಅದು ನಮ್ಮ ನರಿಯ ಕುಲಕ್ಕೇ ಸೇರಿದ, ಅದಕ್ಕಿಂತ ತುಸು ದೊಡ್ಡದಾದ ಪ್ರಾಣಿ. ನಮ್ಮ ದೇಶದಲ್ಲಿ ಕಯೋಟಿ ಇಲ್ಲ. ನಗರದ ಅಂಚಿನಲ್ಲಿ ಅದು ಅಲ್ಲಿ ಬದುಕುವಂತೆ ಇಲ್ಲಿ ನರಿಯು ಬದುಕುತ್ತದೆ.

ಗುರುತಿಸುವ ಬಗೆ

ಬ್ಯಾಂಕಿನಲ್ಲಿ ಸಹಿಯನ್ನು ತಾಳೆ ನೋಡುವಾಗ ಒಂದೇ ಅಕ್ಷರದ ಬಾಗನ್ನು ನೋಡಿ ತೀರ್ಮಾನಿಸುವುದಿಲ್ಲ. ಇಲ್ಲಿಯೂ ಹಲವು ಗುರುತುಗಳನ್ನು ಒಟ್ಟಿಗೆ ನೋಡಬೇಕು.

1. ಬಾಲ: ನರಿಯ ಬಾಲ ಪೊದೆಯಂತಿದ್ದು ಕೆಳಗೆ ಜೋತಿರುತ್ತದೆ, ತುದಿ ಕಪ್ಪು. ಬೀದಿನಾಯಿಯ ಬಾಲ ಸಾಮಾನ್ಯವಾಗಿ ಮೇಲಕ್ಕೆ ಸುರುಳಿಗೊಂಡಿರುತ್ತದೆ.

2. ಗಾತ್ರ: ನರಿಯ ತೂಕ ಸುಮಾರು 8ರಿಂದ 10 ಕಿಲೋ, ಭುಜದವರೆಗಿನ ಎತ್ತರ ಸುಮಾರು 40 ಸೆಂಟಿಮೀಟರ್. ಕಾಲುಗಳು ತೆಳು, ಮೂತಿ ಚೂಪು.

3. ಬಣ್ಣ: ಹಳದಿ ಮಿಶ್ರಿತ ಕಂದು, ಬೆನ್ನಿನ ಮೇಲೆ ಕಪ್ಪು, ಬೂದು ಕೂದಲುಗಳ ಬೆರಕೆ.

4. ನಡಿಗೆ: ತಲೆ ತಗ್ಗಿಸಿ, ನೇರ ಗೆರೆಯಲ್ಲಿ ಹಗುರವಾಗಿ ಓಡುತ್ತದೆ. ನಾಯಿಯಂತೆ ಅಲ್ಲಲ್ಲಿ ನಿಂತು ಅಲೆಯುವುದು ಕಡಿಮೆ.

5. ಕೂಗು: ಸಂಜೆ ಒಂದು ನರಿ ಊಳಿಟ್ಟರೆ ಉಳಿದವು ದನಿಗೂಡಿಸುತ್ತವೆ.

ಇತರ ಪ್ರಾಣಿಗಳೊಡನೆ ಗೊಂದಲವಾಗದಿರಲು ಇನ್ನೆರಡು ಮಾತು. ತೋಳವು ನರಿಯ ಎರಡರಷ್ಟು ತೂಗುತ್ತದೆ. ಕತ್ತೆಕಿರುಬನ ಮೈಮೇಲೆ ಪಟ್ಟೆಗಳಿದ್ದು, ಬೆನ್ನು ಹಿಂದಕ್ಕೆ ಇಳಿಜಾರಾಗಿರುತ್ತದೆ. ಬಯಲುಸೀಮೆಯವರು ಬಲ್ಲ ಸಣ್ಣ ಕಪ್ಪಲ ನರಿ ಕೇವಲ 2-3 ಕಿಲೋದ ಪ್ರಾಣಿ. ಕಾವಲುಗಾರರೊಡನೆ ಮಾತನಾಡುವಾಗ ಹಿಂದಿಯಲ್ಲಿ ನರಿಗೆ ಗೀದಡ್ ಅಥವಾ ಸಿಯಾರ್, ಕಪ್ಪಲ ನರಿಗೆ ಲೋಮಡಿ, ತೋಳಕ್ಕೆ ಭೇಡಿಯಾ, ಕತ್ತೆಕಿರುಬನಿಗೆ ಲಕಡಬಗ್ಗಾ ಎನ್ನುವರೆಂಬುದು ನೆನಪಿರಲಿ.

ನೋಡಬಯಸುವವರು ಸೂರ್ಯೋದಯದ ಅಥವಾ ಸೂರ್ಯಾಸ್ತದ ವೇಳೆಯಲ್ಲಿ, ದೂರದಲ್ಲಿ ನಿಂತು, ಸದ್ದಿಲ್ಲದೆ ಕಾಯಬೇಕು. ಆಹಾರ ಹಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನರಿಯನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಅದೃಷ್ಟ ತರುತ್ತದೆಂದು ಮಾರುವ ‘ನರಿಕೊಂಬ’ನ್ನು ಕೊಳ್ಳುವುದೂ ನರಿಯ ಹತ್ಯೆಗೆ ಪ್ರೋತ್ಸಾಹ ಕೊಟ್ಟಂತೆ.

ಯಾವ ನರಿಗೆ ಹೆದರಬೇಕು?

ಆರೋಗ್ಯವಂತ ನರಿಯು ಮನುಷ್ಯನನ್ನು ಕಂಡೊಡನೆ ದೂರ ಸರಿಯುತ್ತದೆ. ಹಗಲಿನಲ್ಲಿ ಕಂಡಿತೆಂಬ ಮಾತ್ರಕ್ಕೆ ಅದಕ್ಕೆ ರೋಗವಿದೆಯೆಂದು ತಿಳಿಯಬೇಕಾಗಿಲ್ಲ. ಆದರೆ ಭಯವಿಲ್ಲದೆ ಹತ್ತಿರ ಬರುವ, ತೂರಾಡುವ, ಜೊಲ್ಲು ಸುರಿಸುವ, ಕಾರಣವಿಲ್ಲದೆ ಮೇಲೆ ಬೀಳುವ ನರಿಗೆ ರೇಬೀಸ್ ಇರುವ ಸಂಭವವುಂಟು. ಮಕ್ಕಳನ್ನು ಒಳಗೆ ಕರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಬೇಕು.

ನಾಯಿ ಕಚ್ಚಿದಾಗ ಚಿಕಿತ್ಸೆಯನ್ನು ತಕ್ಷಣ ಆರಂಭಿಸಿ, ನಾಯಿಯ ಮೇಲೆ ಹತ್ತು ದಿನ ಕಣ್ಣಿಡುವ ಪದ್ಧತಿಯಿದೆ. ನಾಯಿ ಆರೋಗ್ಯವಾಗಿಯೇ ಉಳಿದರೆ ವೈದ್ಯರು ಮುಂದಿನ ಚುಚ್ಚುಮದ್ದುಗಳ ಬಗ್ಗೆ ಪುನರಾಲೋಚಿಸಬಹುದು. ನರಿಗೆ ಈ ಹತ್ತು ದಿನಗಳ ಲೆಕ್ಕ ಅನ್ವಯಿಸುವುದಿಲ್ಲ. ನಮ್ಮ ದೇಶದ ಚಿಕಿತ್ಸಾಕ್ರಮದಲ್ಲಿ ಕಾಡುಪ್ರಾಣಿಯ ಕಡಿತವನ್ನು, ಗಾಯ ಚಿಕ್ಕದಿದ್ದರೂ, ಅತ್ಯಂತ ಗಂಭೀರವಾದ ಮೂರನೆಯ ವರ್ಗಕ್ಕೆ ಸೇರಿಸಲಾಗಿದೆ. ಆದುದರಿಂದ ಮಬ್ಬುಗತ್ತಲಲ್ಲಿ ಕಚ್ಚಿದ್ದು ನಾಯಿಯೇ ಇರಬೇಕೆಂದು ಊಹಿಸಿ ವೈದ್ಯರಿಗೆ ಹಾಗೆಯೇ ಹೇಳಬಾರದು. ಜೋತಾಡುವ ಪೊದೆಬಾಲವನ್ನು ಕಂಡಿದ್ದರೆ ಅದನ್ನು ತಿಳಿಸಬೇಕು; ಸಂದೇಹವಿದ್ದರೆ ಸಂದೇಹವನ್ನೂ ತಿಳಿಸಬೇಕು.

ಕಚ್ಚಿದರೆ ಮಾಡಬೇಕಾದುದು

ಮೊದಲು ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯುವುದು ಲೇಸು. ಸುಣ್ಣ, ಖಾರದ ಪುಡಿ, ಅರಿಶಿನ ಹಚ್ಚಬಾರದು. ಬಿಗಿಯಾದ ಪಟ್ಟಿ ಕಟ್ಟಬಾರದು. ಅಂದೇ ಆಸ್ಪತ್ರೆಗೆ ಹೋಗಬೇಕು. ಹಿಂದೆ ಚುಚ್ಚುಮದ್ದು ಪಡೆಯದಿದ್ದವರಿಗೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಕೊಡುತ್ತಾರೆ. ಲಸಿಕೆಯನ್ನು ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ 0, 3, 7, 14 ಮತ್ತು 28ನೆಯ ದಿನಗಳಲ್ಲಿ ಐದು ಬಾರಿ ಕೊಡಲಾಗುತ್ತದೆ. ಇವುಗಳಲ್ಲಿ ಒಂದನ್ನೂ ತಪ್ಪಿಸಕೂಡದು.

ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂಬ ಭಯವನ್ನು ಹಿರಿಯರು ಬಿಡಬೇಕು. ಲೂಯಿ ಪಾಸ್ಚರನು 1885ರಲ್ಲಿ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಕೊಟ್ಟ ಲಸಿಕೆಯಿಂದ ಮೊದಲ್ಗೊಂಡು, ಕಸೌಲಿಯಲ್ಲಿ ಸೆಂಪಲ್ ಎಂಬ ವೈದ್ಯರು ರೂಪಿಸಿದ ಲಸಿಕೆಯವರೆಗೆ, ಪ್ರಾಣಿಗಳ ನರಕೋಶದಿಂದ ತಯಾರಿಸಿದ ಔಷಧವೇ ಬಳಕೆಯಲ್ಲಿತ್ತು. ಭಾರತದಲ್ಲಿ ಆ ಹಳೆಯ ಲಸಿಕೆ 2005ರ ಹೊತ್ತಿಗೆ ನಿಂತುಹೋಯಿತು. ಈಗಿನದನ್ನು ತೋಳಿಗೆ ಕೊಡುತ್ತಾರೆ. ರೋಗಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕುಳಿಯುವುದು ಅತ್ಯಂತ ವಿರಳ. ಕಚ್ಚಿದೊಡನೆ ಸರಿಯಾದ ಚಿಕಿತ್ಸೆ ದೊರೆತರೆ ಅದನ್ನು ಸಂಪೂರ್ಣವಾಗಿ ತಡೆಗಟ್ಟಬಹುದು.

ಮನೆಯಲ್ಲಿ ಸಾಕಿದ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಬೇಕು. ಕಸವನ್ನು ಮುಚ್ಚಿಡಬೇಕು. ಇಮ್ಯುನೊಗ್ಲಾಬ್ಯುಲಿನ್ ಎಲ್ಲ ಕಡೆಯೂ ಎಲ್ಲ ಕಾಲದಲ್ಲೂ ಸಿಗುವುದಿಲ್ಲ. ಆದುದರಿಂದ ನಿಮ್ಮ ಮನೆಗೆ ಸಮೀಪದ ಯಾವ ಆಸ್ಪತ್ರೆಯಲ್ಲಿ ಅದು ದೊರೆಯುತ್ತದೆಂದು ಈಗಲೇ ವಿಚಾರಿಸಿ, ಅದರ ದೂರವಾಣಿ ಸಂಖ್ಯೆಯನ್ನು ಮನೆಯವರೆಲ್ಲರಿಗೂ ಕಾಣುವಂತೆ ಬರೆದಿಡಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ.